ಕೋವಿಡ್ ಕಾಲದಲ್ಲಿ ಸಿಂಗಪುರದ ಕಟ್ಟಡ, ಶಿಪ್‌ಯಾರ್ಡ್ ಕೆಲಸಕ್ಕೆ ಹೋಗುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ರಾತ್ರಿ 11 ಗಂಟೆ 59 ನಿಮಿಷ. ಸಿಂಗಪುರದ ಕೋವಿಡ್ ನಿಯಮಗಳಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಿ ಅಂದರೆ ನಾನು ಈ ಹೊತ್ತನ್ನೇ ಹೇಳುತ್ತೇನೆ. ಅಲ್ಲಿನ ಗಡಿ ನಿಯಮ ಬದಲಾದಾಗ ಹೆಚ್ಚಾಗಿ ಈ ಗಳಿಗೆಯಿಂದಲೇ ಹೊಸದು ಜಾರಿಗೆ ಬರುತ್ತಿತ್ತು. ವಿಮಾನ 11.40ಕ್ಕೆ ಇಳಿದರೆ ಒಂದು ಲೆಕ್ಕ, ಅರ್ಧ ಗಂಟೆ ತಡವಾದರೆ ಇನ್ನೊಂದು ಲೆಕ್ಕ. ಟಿಕೆಟ್ ಯಾವತ್ತು ತೆಗೆದಿರಿ, ಊರಿಂದ ಯಾವಾಗ ಹೊರಟಿರಿ ಅನ್ನುವುದನ್ನು ಯಾರೂ ಕೇಳುತ್ತಿರಲಿಲ್ಲ.

ಆ ದಿನಗಳಲ್ಲಿ ನಾನು ಒಂದು ಗುತ್ತಿಗೆ ಕಂಪನಿಯ ಕಾರ್ಮಿಕರ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. 2023ರ ಫೆಬ್ರುವರಿ 13ಕ್ಕೆ ಕೋವಿಡ್ ಗಡಿ ನಿಯಮಗಳೆಲ್ಲ ಮುಗಿದವು. ಆದರೂ ಈಗಲೂ ಜನ ಕೇಳುತ್ತಾರೆ. ಹಳೇ ಕಾಗದ ಕೈಲಿ ಹಿಡಿದು "ಇದೇನು ಸಾರ್, ನನಗ್ಯಾಕೆ 21 ದಿನ, ನನ್ನ ತಮ್ಮನಿಗ್ಯಾಕೆ 10 ದಿನ?" ಅನ್ನುವವರು ಒಂದು ಕಡೆ. ಮತ್ತೆ ಇಂಥದ್ದೇ ಬಂದರೆ ಏನು ಗತಿ ಅನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಒಂದೇ ಉತ್ತರ: ನಿಯಮದ ಅಂಕಿಗಳು ಬದಲಾಗುತ್ತಲೇ ಇದ್ದವು, ಮೆಟ್ಟಿಲುಗಳು ಬದಲಾಗಲಿಲ್ಲ. ಆ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತೋಣ. ಇದರಲ್ಲಿ ಅರ್ಧದಷ್ಟು ಇವತ್ತಿಗೂ ಇವೆ.

ಮೊದಲ ಹಂತ: ನೀವು ಯಾವ ಗುಂಪಿನವರು?

ಸಿಂಗಪುರದ ಮಾನವಶಕ್ತಿ ಸಚಿವಾಲಯವನ್ನು ಎಲ್ಲರೂ ಎಂಒಎಂ ಅಂತಲೇ ಕರೆಯುತ್ತಾರೆ. ಅವರ ಭಾಷೆಯಲ್ಲಿ 'ಸಿಎಂಪಿ' ಅಂದರೆ ಕನ್‌ಸ್ಟ್ರಕ್ಷನ್, ಮರೀನ್ ಶಿಪ್‌ಯಾರ್ಡ್, ಪ್ರೋಸೆಸ್. ಕಟ್ಟಡ ಕಟ್ಟುವವರು, ಹಡಗು ಕಟ್ಟುವ ಮತ್ತು ರಿಪೇರಿ ಮಾಡುವ ಯಾರ್ಡಿನವರು, ತೈಲ-ರಾಸಾಯನಿಕ ಘಟಕಗಳಲ್ಲಿ ದುಡಿಯುವವರು. ಈ ಮೂರು ವಲಯಗಳ ವರ್ಕ್ ಪರ್ಮಿಟ್‌ನವರಿಗೆ, ಅಂದರೆ ಕಾರ್ಮಿಕರ ಕೆಲಸದ ಪರವಾನಗಿ ಮೇಲೆ ಹೋಗುವವರಿಗೆ, ಕಟ್ಟುಪಾಡು ಜಾಸ್ತಿ ಇತ್ತು. ಕಚೇರಿ ಕೆಲಸಕ್ಕೆ ಹೋಗುವ ಎಂಪ್ಲಾಯ್‌ಮೆಂಟ್ ಪಾಸ್‌ನವರ ಅನುಭವ ಕೇಳಿಕೊಂಡು ಹೊರಟವರು ಇಲ್ಲೇ ಮೊದಲು ಎಡವಿದ್ದು.

ಯಾಕೆ ಇವರಿಗೆ ಮಾತ್ರ ಜಾಸ್ತಿ? ಡಾರ್ಮಿಟರಿ. ಒಂದೇ ಕೋಣೆಯಲ್ಲಿ ಹತ್ತಾರು ಬಂಕ್, ಒಂದೇ ಅಡುಗೆಮನೆ, ಒಂದೇ ಸಾಲು ಬಚ್ಚಲು. 2020ರ ಏಪ್ರಿಲ್‌ನಲ್ಲಿ ಅಲ್ಲಿ ಸೋಂಕು ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ಡಾರ್ಮಿಟರಿಗಳಲ್ಲಿದ್ದ ಸುಮಾರು 3,23,000 ಜನರಲ್ಲಿ 47%ರಷ್ಟು ಮಂದಿಗೆ ಸೋಂಕು ತಗುಲಿತ್ತು. ಪಿಸಿಆರ್‌ನಲ್ಲಿ ಸಿಕ್ಕಿದ್ದು 54,505. ಉಳಿದವರಿಗೆ ಬಂದುಹೋಗಿದ್ದು ರಕ್ತಪರೀಕ್ಷೆಯಲ್ಲಷ್ಟೇ ಗೊತ್ತಾಯಿತು. ಇಷ್ಟಾದ ಮೇಲೆ ಹೊಸದಾಗಿ ಬರುವ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡಿದರು. ದೂರುವುದು ಸುಲಭ, ಆದರೆ ತಪ್ಪು ಇದ್ದದ್ದು ಬಂದವರಲ್ಲಲ್ಲ, ಅವರನ್ನು ಇಟ್ಟ ಕೋಣೆಗಳಲ್ಲಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಗೊಂದಲ. ಶಿಪ್‌ಯಾರ್ಡ್ ಕಾರ್ಮಿಕ ಬೇರೆ, ಹಡಗಿನ ಸಿಬ್ಬಂದಿ ಬೇರೆ. ಹಡಗು ಹತ್ತಲು ಬರುವ ನಾವಿಕರ ವ್ಯವಹಾರ ಬಂದರು ಪ್ರಾಧಿಕಾರದ ಕೈಲಿತ್ತು, ಅದಕ್ಕೆ ಬೇರೆಯೇ ನಿಯಮ. ವೆಲ್ಡರ್, ಫಿಟ್ಟರ್, ಪೇಂಟರ್ ಅಂತ ಯಾರ್ಡಿಗೆ ಹೋಗುವವರು ಆ ನಿಯಮ ಓದಿ ಪ್ರಯೋಜನ ಇಲ್ಲ.

ಎರಡನೇ ಹಂತ: ಐಪಿಎ ಪತ್ರವನ್ನು ಸಾಲು ಸಾಲಾಗಿ ಓದಿ

ಐಪಿಎ ಅಂದರೆ ವರ್ಕ್ ಪರ್ಮಿಟ್‌ಗೆ ಸಿಗುವ ತಾತ್ವಿಕ ಒಪ್ಪಿಗೆ ಪತ್ರ. ಮಾಲೀಕರು ಅರ್ಜಿ ಹಾಕುತ್ತಾರೆ, ಎಂಒಎಂ ಒಪ್ಪಿದರೆ ಇದು ಬರುತ್ತದೆ. ನೀವು ಹೊರಡುವ ಮುಂಚೆ ಇದರ ಪ್ರತಿಯನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕಳಿಸಬೇಕು ಅನ್ನುವುದು ನಿಯಮ. ಇಂಗ್ಲಿಷ್ ಪ್ರತಿ ಮಾತ್ರ ಬಂದಿದ್ದರೆ ಗೊತ್ತಿರುವವರ ಕೈಲಿ ಓದಿಸಿಕೊಳ್ಳಿ, ಏಜೆಂಟ್ ಬಾಯಲ್ಲಿ ಕೇಳಿ ಸುಮ್ನೆ ಇರಬೇಡಿ.

ನೋಡಬೇಕಾದ್ದು ಇಷ್ಟು: ಮೂಲ ಸಂಬಳ, ಭತ್ಯೆ, ಕಡಿತ, ಕೆಲಸದ ಹೆಸರು, ಮಾಲೀಕರ ಹೆಸರು. ಬಾಯಲ್ಲಿ ಹೇಳಿದ ಸಂಬಳಕ್ಕೂ ಪತ್ರದಲ್ಲಿರುವುದಕ್ಕೂ ವ್ಯತ್ಯಾಸ ಇದ್ದರೆ ಊರಲ್ಲಿರುವಾಗಲೇ ಕೇಳಿ. ವಿಮಾನ ಹತ್ತಿದ ಮೇಲೆ ನಿಮ್ಮ ಮಾತಿಗೆ ಇರುವ ಬಲ ಅರ್ಧಕ್ಕೆ ಇಳಿಯುತ್ತದೆ.

ಐಪಿಎ ಸಿಕ್ಕಿತು ಅಂದರೆ ಹೊರಡಬಹುದು ಅಂತ ಕೋವಿಡ್‌ಗೆ ಮುಂಚೆ ಇತ್ತು. ಆಮೇಲೆ ಹಾಗಿರಲಿಲ್ಲ.

ಮೂರನೇ ಹಂತ: ಎಂಟ್ರಿ ಅಪ್ರೂವಲ್

ಇದೇ ಕೋವಿಡ್ ಕಾಲದ ಹೊಸ ಬಾಗಿಲು. ಐಪಿಎ ಇರಲಿ, ಹಳೇ ವರ್ಕ್ ಪರ್ಮಿಟ್ ಇನ್ನೂ ಚಾಲ್ತಿಯಲ್ಲಿರಲಿ, ದೇಶದೊಳಗೆ ಬರಲು ಪ್ರತ್ಯೇಕ ಅನುಮತಿ ಬೇಕಿತ್ತು. ಅರ್ಜಿ ಹಾಕುವುದು ಮಾಲೀಕರು, ಕಾರ್ಮಿಕರಲ್ಲ. "ನಾನೇ ಅಪ್ರೂವಲ್ ಮಾಡಿಸಿಕೊಡುತ್ತೇನೆ, ಇಷ್ಟು ಕೊಡು" ಅಂದ ಮಧ್ಯವರ್ತಿಗಳಿಗೆ ದುಡ್ಡು ಕೊಟ್ಟವರನ್ನು ನಾನೇ ಕಂಡಿದ್ದೇನೆ. ಅದು ಸುಳ್ಳು ಅಂತ ಗೊತ್ತಾಗಲು ಈ ಒಂದು ಮಾತು ಸಾಕಿತ್ತು.

ಅಪ್ರೂವಲ್‌ನಲ್ಲಿ ಬರಬೇಕಾದ ದಿನಾಂಕ ಇರುತ್ತಿತ್ತು. ಆ ಅವಧಿಯಲ್ಲೇ ಇಳಿಯಬೇಕು. ಟಿಕೆಟ್ ಅಗ್ಗವಾಗಿ ಸಿಕ್ಕಿತು ಅಂತ ಮೂರು ದಿನ ಮುಂಚೆ ಹೊರಟರೆ ಚೆಕ್-ಇನ್ ಕೌಂಟರಿನಲ್ಲೇ ವಾಪಸ್. ಅನುಮತಿ ಇಲ್ಲದೆ ಕಾರ್ಮಿಕರನ್ನು ಕರೆಸಿಕೊಂಡರೆ ಅವರ ವರ್ಕ್ ಪಾಸೇ ರದ್ದಾಗುವ ಸಾಧ್ಯತೆ ಇತ್ತು.

ಆದರೆ ಅಪ್ರೂವಲ್ ಕೈಲಿದ್ದರೂ ಗ್ಯಾರಂಟಿ ಇರಲಿಲ್ಲ. ಭಾರತದಲ್ಲಿ ಎರಡನೇ ಅಲೆ ಎದ್ದಾಗ, 2021ರ ಏಪ್ರಿಲ್ 23ರ ರಾತ್ರಿ 11.59ರಿಂದ ಭಾರತದಲ್ಲಿದ್ದು ಬರುವ ಪಾಸ್‌ದಾರರಿಗೆ ಬಾಗಿಲು ಮುಚ್ಚಿತು. ಮೊದಲೇ ಅನುಮತಿ ಸಿಕ್ಕಿದ್ದವರಿಗೂ ಅದೇ. ಮೇ ತಿಂಗಳ ಮೊದಲ ದಿನಗಳಲ್ಲೇ ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನ, ಶ್ರೀಲಂಕಾ ಕೂಡ ಆ ಪಟ್ಟಿಗೆ ಸೇರಿದವು. ಕಟ್ಟಡ ಕೆಲಸಕ್ಕೆ ಜನ ಬರುವುದೇ ಈ ಕಡೆಯಿಂದ, ಅಲ್ವಾ? ಕಂಪನಿಗಳು ಕೈಕಟ್ಟಿ ಕೂತವು. ಕೊನೆಗೆ ಮೂರೂ ವಲಯಗಳ ಉದ್ಯಮ ಸಂಘಗಳೇ ಸೇರಿ ಒಂದು ಪ್ರಯೋಗ ಮಾಡಿದವು: ಕಾರ್ಮಿಕರನ್ನು ಭಾರತದಲ್ಲೇ ಒಂದು ಕಡೆ ಪ್ರತ್ಯೇಕವಾಗಿ ಇರಿಸಿ, ಮತ್ತೆ ಮತ್ತೆ ಪರೀಕ್ಷೆ ಮಾಡಿಸಿ, ಆಮೇಲೆ ವಿಮಾನ ಹತ್ತಿಸುವುದು. ಎಲ್ಲರಿಗೂ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 26ರ ರಾತ್ರಿ. ಮತ್ತೆ ಅದೇ 11.59.

ನಾಲ್ಕನೇ ಹಂತ: ಲಸಿಕೆ, ಮತ್ತು ಹೆಸರಿನ ತಲೆನೋವು

2021ರ ನವೆಂಬರ್‌ನಿಂದ ಪೂರ್ತಿ ಲಸಿಕೆ ಪ್ರವೇಶಕ್ಕೆ ಷರತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಪಟ್ಟಿಯಲ್ಲಿರುವ ಲಸಿಕೆ ಆಗಬೇಕು, ಕೊನೆಯ ಡೋಸ್ ಆಗಿ 14 ದಿನ ಕಳೆದಿರಬೇಕು. ಕೋವಿಶೀಲ್ಡ್‌ಗೆ ತೊಂದರೆ ಇರಲಿಲ್ಲ. ಕೋವ್ಯಾಕ್ಸಿನ್ ಆ ಪಟ್ಟಿಗೆ ಸೇರಿದ್ದು 2021ರ ನವೆಂಬರ್ 3ರಂದು. ಅಲ್ಲಿಯವರೆಗೆ ಕೋವ್ಯಾಕ್ಸಿನ್ ಹಾಕಿಸಿಕೊಂಡವರು ಎರಡು ಡೋಸ್ ಆಗಿದ್ದರೂ ಲೆಕ್ಕದಲ್ಲಿ ಲಸಿಕೆ ಆಗದವರೇ.

ಕೋವಿಶೀಲ್ಡ್‌ನವರಿಗೆ ಬೇರೆ ಕಷ್ಟ. ಆಗ ಭಾರತದಲ್ಲಿ ಎರಡು ಡೋಸ್ ನಡುವೆ 84 ದಿನ ಕಾಯಬೇಕಿತ್ತು. ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರಿಗೆ 28 ದಿನಕ್ಕೇ ಕೊಡಬಹುದು ಅಂತ 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತು. ಕೆಲಸದ ಪತ್ರ ತೋರಿಸಬೇಕಿತ್ತು, ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸಂಖ್ಯೆ ಜೋಡಿಸಬೇಕಿತ್ತು.

ಈ ಜೋಡಿಸುವ ಕೆಲಸದಲ್ಲೇ ನಮ್ಮವರಿಗೆ ಜಾಸ್ತಿ ಪೆಟ್ಟು ಬಿದ್ದದ್ದು. ಕೋವಿನ್‌ನಲ್ಲಿ ಹೆಸರು ಆಧಾರ್‌ನಲ್ಲಿದ್ದ ಹಾಗೆ ಬರುತ್ತಿತ್ತು. ಆಧಾರ್‌ನಲ್ಲಿ 'ಮಂಜುನಾಥ ಕೆ', ಪಾಸ್‌ಪೋರ್ಟಿನಲ್ಲಿ ಆ 'ಕೆ' ಬಿಡಿಸಿ ತಂದೆಯ ಪೂರ್ತಿ ಹೆಸರು. ಊರಲ್ಲಿ ಇಬ್ಬರೂ ಒಬ್ಬನೇ ಮಂಜುನಾಥ. ಕಂಪ್ಯೂಟರ್‌ಗೆ ಇಬ್ಬರು ಬೇರೆ ಬೇರೆ. ಆದ್ದರಿಂದ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ಬೆರಳಿಟ್ಟು ತಾಳೆ ನೋಡಿ. ಹುಟ್ಟಿದ ದಿನಾಂಕವೂ ಹಾಗೇ; ಬರೀ ವರ್ಷ ಮಾತ್ರ ಇರುವ ಪ್ರಮಾಣಪತ್ರಗಳು ಎಷ್ಟೋ ಇದ್ದವು. ಇದನ್ನು ಟಿಕೆಟ್ ತೆಗೆಯುವ ಮುಂಚೆ ಮಾಡಿ. ತಿದ್ದುಪಡಿಗೆ ಎಷ್ಟು ದಿನ ಹಿಡಿಯುತ್ತದೆ ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಐದನೇ ಹಂತ: ಪರೀಕ್ಷೆಯ ಗಡಿಯಾರವನ್ನು ಹಿಂದಕ್ಕೆ ಎಣಿಸಿ

ಹೊರಡುವ ಮುನ್ನ ಆರ್‌ಟಿ-ಪಿಸಿಆರ್. ಮೊದಲು 72 ಗಂಟೆಯೊಳಗೆ ಅಂತಿತ್ತು, ಆಮೇಲೆ 48 ಗಂಟೆಗೆ ಇಳಿಸಿದರು. ಯಾವಾಗಿನಿಂದ ಎಣಿಸಬೇಕು ಅನ್ನುವುದೇ ಪ್ರಶ್ನೆ. ವರದಿಯಲ್ಲಿ ಸಾಮಾನ್ಯವಾಗಿ ಮೂರು ಸಮಯ ಇರುತ್ತವೆ: ಮೂಗಿನ ಸ್ಯಾಂಪಲ್ ತೆಗೆದದ್ದು, ಅದು ಲ್ಯಾಬಿಗೆ ತಲುಪಿದ್ದು, ವರದಿ ಕೊಟ್ಟದ್ದು. ಲೆಕ್ಕಕ್ಕೆ ಬರುವುದು ಮೊದಲನೆಯದು ಮಾತ್ರ. ವರದಿ ಬಂದ ಹೊತ್ತಿನಿಂದ ಎಣಿಸಿ "ಇನ್ನೂ ಟೈಮ್ ಇದೆ" ಅಂದುಕೊಂಡವರು ವಿಮಾನ ನಿಲ್ದಾಣದಲ್ಲಿ ಅತ್ತದ್ದನ್ನು ನೋಡಿದ್ದೇನೆ.

ಹೀಗೆ ಮಾಡಿ. ಮಂಗಳವಾರ ರಾತ್ರಿ 11ಕ್ಕೆ ವಿಮಾನ ಅಂತ ಇಟ್ಟುಕೊಳ್ಳಿ. 48 ಗಂಟೆ ಹಿಂದಕ್ಕೆ ಹೋದರೆ ಭಾನುವಾರ ರಾತ್ರಿ 11. ಅದಕ್ಕಿಂತ ಮುಂಚೆ ಸ್ವಾಬ್ ಕೊಟ್ಟರೆ ಕೆಟ್ಟಿತು. ಸೋಮವಾರ ಬೆಳಿಗ್ಗೆ ಲ್ಯಾಬ್ ಬಾಗಿಲು ತೆರೆಯುವಾಗಲೇ ಹೋಗಿ ಕೊಡಿ. ವರದಿ ಸೋಮವಾರ ರಾತ್ರಿಯೋ ಮಂಗಳವಾರ ಬೆಳಿಗ್ಗೆಯೋ ಬರುತ್ತದೆ. ಮಂಗಳವಾರದ ಹಗಲನ್ನು ಪೂರ್ತಿ ಖಾಲಿ ಬಿಡಿ, ಅದು ತಪ್ಪು ತಿದ್ದಿಸುವುದಕ್ಕೆ. ಸೋಮವಾರ ಸಂಜೆ ಕೊಟ್ಟರೂ ನಿಯಮಕ್ಕೆ ಸರಿ, ಆದರೆ ತಿದ್ದಿಸಲು ಹೊತ್ತು ಸಿಗುವುದಿಲ್ಲ. ವಿಮಾನ ತಡವಾದರೆ ಏನು ಅನ್ನುವ ಚಿಂತೆಗೂ ಇದೇ ಮದ್ದು: ಅವಧಿ ಶುರುವಾದ ತಕ್ಷಣವೇ ಓಡಬೇಡಿ, ಒಂದಿಷ್ಟು ಗಂಟೆ ಮುಂದಕ್ಕೆ ಜರುಗಿಸಿ.

ಒಮ್ಮೆ ಒಂದು ಲ್ಯಾಬ್ ನಮ್ಮ ಹನ್ನೊಂದು ಜನರ ವರದಿಯಲ್ಲಿ ಸ್ವಾಬ್ ತೆಗೆದ ಸಮಯವನ್ನೇ ಹಾಕಿರಲಿಲ್ಲ, ತಾರೀಖು ಮಾತ್ರ ಇತ್ತು. ಇನ್ನೊಬ್ಬನ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಸೊನ್ನೆ ಇರಬೇಕಾದ ಕಡೆ ಇಂಗ್ಲಿಷಿನ 'ಒ' ಅಕ್ಷರ. ಖಾಲಿ ಬಿಟ್ಟಿದ್ದ ಆ ಹಗಲು ನಮ್ಮನ್ನು ಉಳಿಸಿತು. ವರದಿ ಕೈಗೆ ಬಂದ ಕೂಡಲೇ 'ನೆಗೆಟಿವ್' ಅನ್ನುವ ಪದ ನೋಡಿ ಖುಷಿಪಡಬೇಡಿ. ಮೊದಲು ಹೆಸರು, ಆಮೇಲೆ ಪಾಸ್‌ಪೋರ್ಟ್ ಸಂಖ್ಯೆ ಅಥವಾ ಹುಟ್ಟಿದ ದಿನ, ಆಮೇಲೆ ಸ್ವಾಬ್ ಸಮಯ. ಫಲಿತಾಂಶ ಕೊನೆಗೆ. ವರದಿ ಇಂಗ್ಲಿಷಿನಲ್ಲಿರಲಿ, ಕಾಗದದ ಪ್ರತಿ ಎರಡು ಇರಲಿ. ಫೋನ್ ಬ್ಯಾಟರಿ ನಂಬಬೇಡಿ.

ಆರನೇ ಹಂತ: ವಿಮಾನ ಮತ್ತು ನಡುವಿನ ನಿಲ್ದಾಣ

ಭಾರತದಿಂದ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು 2020ರ ಮಾರ್ಚ್‌ನಲ್ಲಿ ನಿಂತು, ಮತ್ತೆ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ನಡುವೆ ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮತ್ತು ಎರಡು ದೇಶಗಳ ವಿಶೇಷ ಒಪ್ಪಂದದ ವಿಮಾನಗಳಷ್ಟೇ. 2021ರ ನವೆಂಬರ್ 29ರಿಂದ ಚೆನ್ನೈ, ದೆಹಲಿ, ಮುಂಬೈಗಳಿಂದ ಲಸಿಕೆ ಆದವರಿಗೆ ಕ್ವಾರಂಟೈನ್ ಇಲ್ಲದ ವಿಮಾನಗಳು ಬಂದವು. ಪತ್ರಿಕೆಯಲ್ಲಿ ಅದನ್ನು ಓದಿ ತಮಗೂ ಅನ್ವಯಿಸುತ್ತದೆ ಅಂದುಕೊಂಡ ಕಾರ್ಮಿಕರು ಬಹಳ. ಸುದ್ದಿಯ ತಲೆಬರಹ ನಿಮ್ಮ ಪಾಸಿನ ಬಗ್ಗೆ ಮಾತಾಡುವುದಿಲ್ಲ. ಮಾಲೀಕರ ಕೈಲಿರುವ ಎಂಟ್ರಿ ಅಪ್ರೂವಲ್ ಏನು ಹೇಳುತ್ತದೋ ಅದೇ ಸರಿ.

ಬೇರೆ ದೇಶದಲ್ಲಿ ವಿಮಾನ ಬದಲಿಸುವುದಿದ್ದರೆ ಎರಡು ಸಲ ಯೋಚಿಸಿ. ಹಿಂದಿನ ಇಷ್ಟು ದಿನ ಎಲ್ಲೆಲ್ಲಿ ಇದ್ದಿರಿ ಅನ್ನುವ ಪ್ರಯಾಣ ಇತಿಹಾಸದ ಮೇಲೆಯೇ ನಿಯಮ ನಿಂತಿತ್ತು. ಅಗ್ಗದ ಟಿಕೆಟ್ ನಿಮ್ಮನ್ನು ಬೇರೆ ಪಟ್ಟಿಗೆ ತಳ್ಳಬಹುದಿತ್ತು. ನೇರ ವಿಮಾನವೇ ವಾಸಿ.

ಇಳಿಯುವ ಮುನ್ನದ 3 ದಿನಗಳೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಅನ್ನುವ ಆನ್‌ಲೈನ್ ಪ್ರವೇಶ ಅರ್ಜಿ ತುಂಬಬೇಕು. ಇದು ಈಗಲೂ ಇದೆ, ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ.

ಏಳನೇ ಹಂತ: ಏಕಾಂತವಾಸ

ಇದರ ಹೆಸರು ಸ್ಟೇ-ಹೋಮ್ ನೋಟಿಸ್, ಬಾಯಿಮಾತಲ್ಲಿ ಎಸ್‌ಎಚ್‌ಎನ್. ಹೆಸರಲ್ಲಿ 'ಹೋಮ್' ಇದ್ದರೂ ಕಾರ್ಮಿಕರಿಗೆ ಮನೆಯಲ್ಲ. ಸರ್ಕಾರ ಗುರುತಿಸಿದ ಹೋಟೆಲ್ ಅಥವಾ ಬೇರೆ ತಂಗುದಾಣ. ಎಲ್ಲಿ ಅಂತ ಆರಿಸುವ ಹಾಗಿರಲಿಲ್ಲ, ವಿಮಾನ ನಿಲ್ದಾಣದಿಂದ ಅವರೇ ಕರೆದೊಯ್ಯುತ್ತಿದ್ದರು.

ಎಷ್ಟು ದಿನ? ಇಲ್ಲೇ ಅಣ್ಣನಿಗೊಂದು, ತಮ್ಮನಿಗೊಂದು ಲೆಕ್ಕ ಬಂದದ್ದು. 2020ರಲ್ಲಿ 14 ದಿನ. ಹೆಚ್ಚು ಅಪಾಯದ ದೇಶಗಳಿಂದ ಬಂದವರಿಗೆ 2021ರ ಮೇ 7ರ ರಾತ್ರಿಯಿಂದ 21 ದಿನ. ಜೂನ್ 23ರ ರಾತ್ರಿಯಿಂದ ಮತ್ತೆ 14. ಅಕ್ಟೋಬರ್ 6ರ ರಾತ್ರಿಯಿಂದ 10. 2022ರ ಫೆಬ್ರುವರಿ 21ರ ರಾತ್ರಿಯಿಂದ 7. ಲಸಿಕೆ ಆದವರಿಗೆ 2022ರ ಏಪ್ರಿಲ್‌ನಿಂದ ಸೊನ್ನೆ. ನೀವು ಇಳಿದ ದಿನವನ್ನು ಈ ಸಾಲಿಗೆ ಹಿಡಿದು ನೋಡಿದರೆ ಕಥೆ ಗೊತ್ತಾಗುತ್ತದೆ.

ದಿನಗಳನ್ನು ಬೆರಳಲ್ಲಿ ಎಣಿಸಬೇಡಿ. ನೋಟಿಸ್‌ನಲ್ಲಿ ಮುಗಿಯುವ ದಿನ ಬರೆದಿರುತ್ತದೆ, ಅದನ್ನೇ ನಂಬಿ. ಬಾಗಿಲಾಚೆ ಕಾಲಿಟ್ಟು ಪಕ್ಕದ ಕೋಣೆಯ ಗೆಳೆಯನನ್ನು ಮಾತಾಡಿಸಿದರೂ ಉಲ್ಲಂಘನೆಯೇ. 10,000 ಸಿಂಗಪುರ ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದಿತ್ತು. ವರ್ಕ್ ಪಾಸ್ ಹೋಗುವುದು ಬೇರೆ.

ಚೀಲದಲ್ಲಿ ಏನಿರಬೇಕು ಅಂತ ಕೇಳಿದವರಿಗೆ ನಾನು ಹೇಳುತ್ತಿದ್ದದ್ದು: ಚಾರ್ಜರ್ ಮತ್ತು ಮೂರು ಪಿನ್ನಿನ ಅಡಾಪ್ಟರ್, ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ವೈದ್ಯರ ಚೀಟಿ ಸಮೇತ, ಬಟ್ಟೆ ಒಣಗಿಸಲು ಒಂದು ಹಗ್ಗ, ಉಪ್ಪಿನಕಾಯಿ. ನಗಬೇಡಿ. ಹತ್ತನೇ ದಿನ ಡಬ್ಬಿ ಊಟದ ಮುಂದೆ ಕೂತವರಿಗೆ ಕೊನೆಯದರ ಬೆಲೆ ಗೊತ್ತು.

ಎಂಟನೇ ಹಂತ: ಆನ್‌ಬೋರ್ಡಿಂಗ್ ಕೇಂದ್ರ

ಏಕಾಂತ ಮುಗಿದರೂ ನೇರ ಸೈಟಿಗೆ ಕಳಿಸುತ್ತಿರಲಿಲ್ಲ. 2021ರ ಮಾರ್ಚ್‌ನಿಂದ ಹೊಸಬರಿಗೆ ಆನ್‌ಬೋರ್ಡಿಂಗ್ ಕೇಂದ್ರಗಳು ಶುರುವಾದವು. ವೈದ್ಯಕೀಯ ತಪಾಸಣೆ, ಕೆಲಸದ ಹಕ್ಕುಗಳ ತರಗತಿ, ಎಲ್ಲ ಒಂದೇ ಸೂರಿನಡಿ. ನನ್ನ ಮಟ್ಟಿಗೆ ಕೋವಿಡ್ ಕೊಟ್ಟ ಒಂದೇ ಒಳ್ಳೆಯ ವ್ಯವಸ್ಥೆ ಇದು. ಆ ತರಗತಿಯಲ್ಲಿ ನಿದ್ದೆ ಮಾಡಬೇಡಿ. ಸಂಬಳ ತಡವಾದರೆ ಎಲ್ಲಿ ಹೇಳಬೇಕು, ಪಾಸ್‌ಪೋರ್ಟ್ ಮಾಲೀಕರ ಕೈಲಿ ಯಾಕೆ ಇರಬಾರದು ಅನ್ನುವುದೆಲ್ಲ ಅಲ್ಲೇ ಹೇಳುತ್ತಾರೆ.

ಡಾರ್ಮಿಟರಿಗೆ ಹೋದ ಮೇಲೂ ನಿಗದಿತ ದಿನಗಳಿಗೊಮ್ಮೆ ಸ್ವಾಬ್ ಇರುತ್ತಿತ್ತು, ಮೊದಲು 14 ದಿನಕ್ಕೊಮ್ಮೆ. ತಪ್ಪಿಸಿದರೆ ಕೆಲಸಕ್ಕೆ ಬಿಡುತ್ತಿರಲಿಲ್ಲ.

ದುಡ್ಡಿನ ವಿಷಯ

ಇದನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ಎರಡನೇ ಹಂತದಲ್ಲೇ ಕೇಳಬೇಕಾದ ಪ್ರಶ್ನೆ ಇದು. ಏಕಾಂತವಾಸದ ಬಾಡಿಗೆ, ಇಳಿದ ಮೇಲಿನ ಪರೀಕ್ಷೆಗಳು, ಚಿಕಿತ್ಸೆ ಬೇಕಾದರೆ ಅದು, ಎಲ್ಲ ಮಾಲೀಕರ ಹೊಣೆ. ಕಾರ್ಮಿಕರ ಪೋಷಣೆ, ಚಿಕಿತ್ಸೆಯ ಖರ್ಚು ಅವರದ್ದೇ ಅಂತ ವರ್ಕ್ ಪರ್ಮಿಟ್ ಷರತ್ತಿನಲ್ಲೇ ಇದೆ. ಮಲೇಷ್ಯಾದವರನ್ನು ಬಿಟ್ಟು ಉಳಿದ ಪ್ರತಿ ಕಾರ್ಮಿಕರಿಗೆ 5,000 ಸಿಂಗಪುರ ಡಾಲರ್‌ನ ಸೆಕ್ಯೂರಿಟಿ ಬಾಂಡ್, ಅಂದರೆ ಸರ್ಕಾರಕ್ಕೆ ಕೊಡುವ ಭದ್ರತಾ ಮುಚ್ಚಳಿಕೆ, ಮಾಡಿಸಬೇಕು. ಅದೂ ಮಾಲೀಕರದ್ದೇ, ನಿಮ್ಮ ಸಂಬಳದಲ್ಲಿ ಹಿಡಿಯುವ ಹಾಗಿಲ್ಲ. ವೈದ್ಯಕೀಯ ವಿಮೆ ಆಗ ವರ್ಷಕ್ಕೆ ಕನಿಷ್ಠ 15,000 ಡಾಲರ್‌ನದ್ದು, 2023ರ ಜುಲೈಯಿಂದ 60,000. ಬಾಂಡ್ ಇಲ್ಲದೆ ಬಂದರೆ ಗಡಿಯಲ್ಲೇ ತಡೆಯುತ್ತಾರೆ, ಆದ್ದರಿಂದ ಹೊರಡುವ ಮುಂಚೆ ಅದರ ಪ್ರತಿ ಕೇಳಿ.

ಏಕಾಂತದ ದಿನಗಳಿಗೆ ಸಂಬಳ ಇದೆಯೋ ಇಲ್ಲವೋ? ಈ ಒಂದು ಪ್ರಶ್ನೆಯನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರೆದು ಕೇಳಿ, ಉತ್ತರ ಬರಹದಲ್ಲೇ ಇರಲಿ. ಫೋನಲ್ಲಿ "ನೋಡೋಣ ಬಿಡಪ್ಪ" ಅಂದದ್ದು ಪುರಾವೆ ಆಗುವುದಿಲ್ಲ.

ಏಜೆಂಟರದ್ದು ಬೇರೆ ಅಧ್ಯಾಯ. ಸಿಂಗಪುರದ ಏಜೆನ್ಸಿ ಒಂದು ವರ್ಷದ ಕರಾರಿಗೆ ಒಂದು ತಿಂಗಳ ಸಂಬಳ, ಜಾಸ್ತಿ ಅಂದರೆ ಎರಡು ತಿಂಗಳ ಸಂಬಳದಷ್ಟು ಮಾತ್ರ ತೆಗೆದುಕೊಳ್ಳಬಹುದು. ಭಾರತದಲ್ಲಿ ನೋಂದಾಯಿತ ಏಜೆಂಟರ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಊರೂರಲ್ಲಿ ನಡೆದದ್ದು ಇದರ ಎಷ್ಟೋ ಪಟ್ಟು. ರಸೀದಿ ಕೊಡದ ಏಜೆಂಟರು ಕೋವಿಡ್ ಹೆಸರಲ್ಲಿ ಇನ್ನೊಂದು ಸುತ್ತು ವಸೂಲಿ ಮಾಡಿದರು.

ಆಗ ಕಡಿತ ಮಾಡಿದ್ದನ್ನು ಈಗ ಕೇಳಬಹುದಾ ಅಂತ ಕೇಳುವವರಿಗೆ ನೇರವಾಗಿ ಹೇಳುತ್ತೇನೆ: ತಡವಾಗಿದೆ. ಸಂಬಳದ ದೂರನ್ನು ಕೆಲಸದಲ್ಲಿರುವಾಗ ಒಂದು ವರ್ಷದೊಳಗೆ, ಕೆಲಸ ಬಿಟ್ಟ ಮೇಲೆ ಆರು ತಿಂಗಳೊಳಗೆ ಕೊಡಬೇಕು. ಈಗ ಹೊರಡುತ್ತಿರುವವರು ಈ ಎರಡು ಅವಧಿಗಳನ್ನು ಐಪಿಎ ಪತ್ರದ ಹಿಂಬದಿಯಲ್ಲೇ ಬರೆದಿಟ್ಟುಕೊಳ್ಳಿ. ಆ ಪತ್ರದ ಫೋಟೋ ಒಂದನ್ನು ಮನೆಯವರ ಫೋನಿಗೂ ಕಳಿಸಿ. ಬಂಕ್ ಕೆಳಗೆ ಇಟ್ಟ ಕಾಗದಗಳು ಡಾರ್ಮಿಟರಿ ಬದಲಾಯಿಸುವಾಗ ಕಳೆದುಹೋಗುವುದೇ ಜಾಸ್ತಿ.